ಬ್ರೇಕ್ ಮೊದಲು, ಬಣ್ಣ ಆಮೇಲೆ



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಪಾಲಿ ಓದಿದವನಲ್ಲ, ಚಂದ್ರಬಂಡದಲ್ಲಿ ಗ್ಯಾರೇಜು ಇಟ್ಟುಕೊಂಡವನು. ಹಾಗಾಗಿ ನನ್ನ ಕೆಲಸದಿಂದಲೇ ಎರಡು ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಗಾಡಿಯ ಎಂಜಿನ್ ಪೂರ್ತಿ ಬದಲಾದರೆ ಅದು ಅದೇ ಗಾಡಿಯೋ, ಬೇರೆಯದೋ? ಅದು ರಸ್ತೆಗೆ ಇಳಿಯಲು ಯೋಗ್ಯವಾಯಿತು ಎಂದು ಯಾವಾಗ ಹೇಳಬೇಕು? ಮೊದಲನೆಯದು ಪಂಡಿತರ ಪ್ರಶ್ನೆ, ಎರಡನೆಯದು ಮೆಕ್ಯಾನಿಕ್‌ನ ಪ್ರಶ್ನೆ ಅನ್ನಿಸಬಹುದು. ದೀಕ್ಷೆ ತೆಗೆದುಕೊಂಡ ನಮಗೆ ಎರಡೂ ನಮ್ಮ ಮನೆಯ ಪ್ರಶ್ನೆಗಳೇ.

ಹೊರದೇಶಗಳಲ್ಲಿ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತರಿಸಿ ಮನೆಯಲ್ಲೇ ಸ್ಪೋರ್ಟ್ಸ್ ಕಾರು ಕಟ್ಟಿಕೊಳ್ಳುವವರಿದ್ದಾರೆ. ಅದಕ್ಕೆ ಕಿಟ್ ಕಾರು ಎನ್ನುತ್ತಾರೆ. ಮೈ ಒಬ್ಬರದು, ಎಂಜಿನ್ ಇನ್ನೊಬ್ಬರದು. ನಮ್ಮ ಕರ್ನಾಟಕದಲ್ಲಿ ಅದಕ್ಕೆ ಹತ್ತಿರದ ನೆಂಟ ಎಂದರೆ ಸಿಪಾನಿ ಡಾಲ್ಫಿನ್. 1980ರ ದಶಕದ ಮೊದಲ ಭಾಗದಲ್ಲಿ ಬೆಂಗಳೂರಿನಲ್ಲಿ ತಯಾರಾದ ಪುಟ್ಟ ಕಾರು ಅದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ವಿನ್ಯಾಸ. ಕೆಳಗೆ ಕಬ್ಬಿಣದ ಚಾಸಿ, ಮೇಲೆ ಫೈಬರ್ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಇಂಥ ಸಣ್ಣ ಕಂಪನಿಗಳ ಗಾಡಿಗಳು ಬಹಳ ದಿನ ನಿಲ್ಲಲಿಲ್ಲ.

ಅಂಥದೊಂದು ಡಾಲ್ಫಿನ್ ನನ್ನ ಗ್ಯಾರೇಜಿಗೆ ಬಂತು. ಯಜಮಾನರು ನಿವೃತ್ತ ಮೇಷ್ಟ್ರು. ಗಾಡಿ ಬಹಳ ವರ್ಷ ಬೇವಿನ ಮರದ ಕೆಳಗೆ ನಿಂತು ಎಂಜಿನ್ ಜಾಮ್ ಆಗಿತ್ತು, ಬಿಡಿಭಾಗ ಸಿಗುವ ಮಾತೇ ಇರಲಿಲ್ಲ. ಓಮ್ನಿಯ ಎಂಜಿನ್ ಕೂರಿಸುವುದೆಂದು ತೀರ್ಮಾನವಾಯಿತು. ಮಾರುತಿ 800 ಕಾರಿನಲ್ಲಿ ಎಂಜಿನ್ ಅಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಡಾಲ್ಫಿನ್‌ನಲ್ಲಿ ತಿರುಗಬೇಕಾದದ್ದು ಹಿಂದಿನ ಚಕ್ರ. ಓಮ್ನಿಯಲ್ಲಿ 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಕ್ಕೇ ಬಲ ಕೊಡುತ್ತದೆ. ಆದ್ದರಿಂದ ಅದರ ಎಂಜಿನ್ನೂ ಗೇರ್ ಬಾಕ್ಸೂ ಜೋಡಿಯಾಗಿ ಬಂದವು. ಸ್ಪ್ಯಾನರ್ ಹಿಡಿಯುವ ಮೊದಲೇ ಮೇಷ್ಟ್ರು ಆರ್‌ಟಿಒಗೆ ಅರ್ಜಿ ಹಾಕಿ ಅನುಮತಿ ತೆಗೆದುಕೊಂಡರು. ಆರ್‌ಸಿಯಲ್ಲಿ ಬರೆದದ್ದಕ್ಕೂ ಗಾಡಿಗೂ ತಾಳೆಯಾಗದಂತೆ ಮಾರ್ಪಾಡು ಮಾಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ.

ಹಳೆ ಎಂಜಿನ್ ಇಳಿಸಿ ಹೊಸದನ್ನು ಚೈನ್ ಪುಲ್ಲಿಯಲ್ಲಿ ತೂಗಿ ಕೂರಿಸಿದ ದಿನ ಓಣಿಯ ಮಂದಿಯೆಲ್ಲ ಸೇರಿದ್ದರು. ಚಾವಿ ತಿರುಗಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಯಿತು. "ಆತು ಬಿಡ್ರಿ ಮೇಷ್ಟ್ರ, ಗಾಡಿ ರೆಡಿ" ಎಂದು ಯಾರೋ ಚಹಾ ತರಿಸಿದರು. ಆ ದಿನದಿಂದ ಗಾಡಿ ರಸ್ತೆಗೆ ಇಳಿಯಲು ಇನ್ನೂ ಎರಡು ತಿಂಗಳು ಬೇಕಾಯಿತು.

ಆ ಎರಡು ತಿಂಗಳ ಕೆಲಸ ನೋಡಲು ಯಾರೂ ಬರಲಿಲ್ಲ. ಹೊಸ ಎಂಜಿನ್ನಿಗೆ ತಕ್ಕಂತೆ ಮೌಂಟಿಂಗ್ ಹೊಸದಾಗಿ ಬೆಸೆಯಬೇಕಿತ್ತು. ಪ್ರೊಪೆಲ್ಲರ್ ಶಾಫ್ಟಿನ ಅಳತೆ ಬದಲಿಸಿ ಬ್ಯಾಲೆನ್ಸ್ ಮಾಡಿಸಬೇಕಿತ್ತು, ಇಲ್ಲವಾದರೆ ವೇಗ ಹೆಚ್ಚಿದಂತೆ ಇಡೀ ಗಾಡಿ ನಡುಗುತ್ತದೆ. ನಮ್ಮ ರಾಯಚೂರಿನ ಬೇಸಿಗೆಗೆ ಹಳೆ ರೇಡಿಯೇಟರ್ ತಡೆಯುವಂತಿರಲಿಲ್ಲ. ಫೈಬರ್ ಮೈಯಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ ಒಂದೊಂದು ಲೈಟಿಗೂ ಚಾಸಿವರೆಗೆ ಬೇರೆ ಅರ್ಥ್ ವೈರ್ ಎಳೆಯಬೇಕಿತ್ತು. ಗೇರ್ ಬಾಕ್ಸ್ ಬದಲಾದದ್ದರಿಂದ ಹಳೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗಿತ್ತು. ಎಲ್ಲಕ್ಕಿಂತ ಮುಖ್ಯ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಳಗಿನ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ರಬ್ಬರ್ ಕಲ್ಲಾಗುತ್ತದೆ. ಎಂಜಿನ್ ಚೆನ್ನಾಗಿ ಓಡುವ, ಬ್ರೇಕ್ ಹಿಡಿಯದ ಗಾಡಿ ಕೆಟ್ಟು ನಿಂತ ಗಾಡಿಗಿಂತ ಅಪಾಯ. ನಿಂತ ಗಾಡಿ ಯಾರ ಮೇಲೂ ಹರಿಯುವುದಿಲ್ಲ.

ಕೆಲಸ ಕಲಿಯುವ ಹುಡುಗ ಒಂದು ಮಧ್ಯಾಹ್ನ ಕೇಳಿದ: "ಮಾಮಾ, ಇದಕ್ಕ ಈಗ ಡಾಲ್ಫಿನ್ ಅನಬೇಕಾ, ಓಮ್ನಿ ಅನಬೇಕಾ?"

ಇದೇ ಪ್ರಶ್ನೆಯನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ರಥ ಇಟ್ಟುಕೊಂಡು ಚರ್ಚಿಸಿದ್ದಾರೆ. ಮಿಲಿಂದ ಪಞ್ಹದಲ್ಲಿ ಭಿಕ್ಖು ನಾಗಸೇನರು ರಾಜ ಮಿಲಿಂದನನ್ನು ಕೇಳುತ್ತಾರೆ, ನೀನು ಬಂದ ರಥ ಯಾವುದು, ಅಚ್ಚೋ, ಗಾಲಿಯೋ, ನೊಗವೋ ಎಂದು. ಬಿಡಿಯಾಗಿ ಯಾವುದೂ ರಥವಲ್ಲ, ಅವುಗಳ ಆಚೆ ರಥವೆಂಬ ಬೇರೆ ವಸ್ತುವೂ ಇಲ್ಲ. ಭಾಗಗಳು ಕೂಡಿ ಕೆಲಸ ಮಾಡುವಾಗ ನಾವು ಇಟ್ಟುಕೊಂಡ ಹೆಸರು ಅದು. ಮನುಷ್ಯನೂ ಹಾಗೆಯೇ, ಒಳಗೆ ಬದಲಾಗದ ಆತ್ಮವೊಂದು ಕೂತಿಲ್ಲ. ಈ ಮಾತು ನಮ್ಮಂಥವರಿಗೆ ಎಷ್ಟು ದೊಡ್ಡ ಬಿಡುಗಡೆ ಎಂದು ಯೋಚಿಸಿ. ಹುಟ್ಟಿನಿಂದಲೇ ಅಂಟಿದ, ತೊಳೆದರೂ ಹೋಗದ ಕೀಳುತನವೊಂದು ನಮ್ಮೊಳಗಿದೆ ಎಂದು ಹೇಳಿದವರಿಗೆ ಇದಕ್ಕಿಂತ ನೇರ ಉತ್ತರವಿಲ್ಲ. ಅಂಟಿಕೊಳ್ಳಲು ಒಳಗೆ ಅಂಥ ವಸ್ತುವೇ ಇಲ್ಲ.

ಹಾಗಾದರೆ ಬದಲಾದವನು ಪೂರ್ತಿ ಬೇರೆಯವನೇ, ಹಳೆಯ ಲೆಕ್ಕಕ್ಕೂ ಅವನಿಗೂ ಸಂಬಂಧವಿಲ್ಲವೇ? ಅದನ್ನೂ ನಾಗಸೇನರು ಒಪ್ಪುವುದಿಲ್ಲ. ಮಾವಿನ ಹಣ್ಣು ಕದ್ದವನ ಉಪಮೆ ಕೊಡುತ್ತಾರೆ. ತೋಟದವನು ನೆಟ್ಟ ಹಣ್ಣು ಬೇರೆ, ನಾನು ಕಿತ್ತ ಹಣ್ಣು ಬೇರೆ ಎಂದು ಕಳ್ಳ ವಾದಿಸಿದರೆ ರಾಜ ಬಿಡುತ್ತಾನೆಯೇ? ಇದು ಅದರಿಂದಲೇ ಬಂದದ್ದು, ಆದ್ದರಿಂದ ಹೊಣೆ ತಪ್ಪದು. ಅದೇ ಅಂತ ಹೇಳಲಾಗದು, ಬೇರೆ ಅಂತಲೂ ಹೇಳಲಾಗದು.

ಆರ್‌ಸಿ ನೋಡಿದರೆ ಹುಡುಗನಿಗೂ ಇದು ತಿಳಿಯಿತು. ಅದರಲ್ಲಿ ಎರಡು ನಂಬರ್ ಇರುತ್ತವೆ. ಎಂಜಿನ್ ನಂಬರ್ ಬದಲಾಯಿತು, ಚಾಸಿ ನಂಬರ್ ಉಳಿಯಿತು. ಬಾಕಿ ತೆರಿಗೆ ಇದ್ದರೆ, ಹಳೆಯ ಅಪಘಾತದ ಕೇಸ್ ಇದ್ದರೆ, ಎಂಜಿನ್ ಹೊಸದು ಎಂದು ಹೇಳಿ ತಪ್ಪಿಸಿಕೊಳ್ಳಲಾಗುವುದಿಲ್ಲ. ನಮಗೆ ಬರಬೇಕಾದ ಲೆಕ್ಕವೂ ಹೀಗೆಯೇ ಮುಂದುವರಿಯುತ್ತದೆ. ಬೌದ್ಧರಾದವರಿಗೆ ಪರಿಶಿಷ್ಟ ಜಾತಿಯ ಮಾನ್ಯತೆ ದೇಶದ ಕಾನೂನಿನಲ್ಲಿ ಸಿಕ್ಕಿದ್ದು 1990ರಲ್ಲಿ. ಧರ್ಮ ಬದಲಾದ ಮಾತ್ರಕ್ಕೆ ತಲೆತಲಾಂತರದ ಅನ್ಯಾಯದ ಬಾಕಿ ತೀರುವುದಿಲ್ಲ ಎಂದು ಕಾನೂನು ಆಗ ಒಪ್ಪಿತು. ಬರಬೇಕಾದ ಲೆಕ್ಕಕ್ಕೆ ಹಳೆಯ ಚಾಸಿ ನಂಬರ್ ತೋರಿಸುವ ನಾವು, ಕೊಡಬೇಕಾದ ಲೆಕ್ಕ ಕೇಳಿದಾಗ ಎಂಜಿನ್ ಹೊಸದು ಎನ್ನುವಂತಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಗಾಡಿ ಯೋಗ್ಯವಾಯಿತೆಂದು ಹೇಳುವುದು ಯಾವಾಗ?

15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಗಾಡಿಯನ್ನು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ಯಜಮಾನನಿಗೆ ಗಾಡಿಯ ಮೇಲೆ ಎಷ್ಟು ಪ್ರೀತಿ ಎಂದು ಅವರು ಕೇಳುವುದಿಲ್ಲ. ಬ್ರೇಕ್, ಸ್ಟೀರಿಂಗ್, ಲೈಟ್, ಹಾರ್ನ್, ಟೈರ್ ನೋಡುತ್ತಾರೆ. ಇವೆಲ್ಲ ಯಾರಿಗಾಗಿ? ಒಳಗೆ ಕೂತವನಿಗಿಂತ ಹೆಚ್ಚಾಗಿ ಎದುರಿಗೆ ಬರುವವನಿಗಾಗಿ, ರಸ್ತೆ ದಾಟುವ ಮುದುಕಿಗಾಗಿ, ಶಾಲೆ ಬಿಟ್ಟು ಓಡುವ ಮಗುವಿಗಾಗಿ. ಗಾಡಿಯ ಯೋಗ್ಯತೆಯನ್ನು ಅಳೆಯುವುದು ರಸ್ತೆಯ ಮೇಲಿರುವ ಬೇರೆಯವರ ಸುರಕ್ಷತೆಯಿಂದ.

ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಗೆ ಬನ್ನಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡು ಹೊರಜಗತ್ತಿಗೆ ತಿಳಿಸಿದ ಶಾಸನ ಅದು. ದೇವಾನಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಅಲ್ಲಿಯೇ. ನಾವು ಹೆಸರನ್ನು ನೆನಪಿಟ್ಟಿದ್ದೇವೆ, ಅದರಲ್ಲಿ ಏನಿದೆ ಎಂಬುದನ್ನು ಅಷ್ಟಾಗಿ ನೋಡುವುದಿಲ್ಲ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷದ ಮೇಲಾಯಿತು, ಸಂಘದ ಹತ್ತಿರ ಹೋಗಿ ಶ್ರದ್ಧೆಯಿಂದ ಶ್ರಮಿಸತೊಡಗಿ ಒಂದು ವರ್ಷದ ಮೇಲಾಯಿತು ಎಂಬ ಅರ್ಥದ ಮಾತು ಅಲ್ಲಿದೆ. ಎರಡನ್ನೂ ಕಳೆದು ನೋಡಿ. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಎಂಜಿನ್ ಹೊಸದಿತ್ತು, ಗಾಡಿ ಶೆಡ್ಡಿನಲ್ಲಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠದಲ್ಲಿ, ಮೊದಲ ಒಂದು ವರ್ಷ ತಾನು ಹೆಚ್ಚು ಶ್ರಮಿಸಲಿಲ್ಲ ಎಂಬುದನ್ನು ಚಕ್ರವರ್ತಿ ಬಿಚ್ಚಿಯೇ ಹೇಳಿದ್ದಾನೆ. ಮಸ್ಕಿಯ ಶಾಸನದಲ್ಲಿ ಇನ್ನೊಂದು ಮಾತಿದೆ. ಧಮ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಗುರಿ ಮುಟ್ಟಬಲ್ಲ, ದೊಡ್ಡವರಿಗೆ ಮಾತ್ರ ಎಂದು ತಿಳಿಯಬಾರದು ಎಂದು. ನಮ್ಮ ನೆಲದ ಬಂಡೆಯ ಮೇಲೆ, ನಮ್ಮಂಥವರಿಗಾಗಿಯೇ ಕೊರೆದ ಹಾಗಿದೆ.

ಬಾಬಾಸಾಹೇಬರ ಲೆಕ್ಕವನ್ನೂ ನೋಡಿ. ಹಿಂದೂವಾಗಿ ಸಾಯುವುದಿಲ್ಲ ಎಂದು ಯೇವಲಾದಲ್ಲಿ ಹೇಳಿದ್ದು 1935ರ ಅಕ್ಟೋಬರ್ 13. ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರ ಅಕ್ಟೋಬರ್ 14. ನಡುವೆ 21 ವರ್ಷ ಓದಿದರು, ತೂಗಿದರು, ಸಿದ್ಧತೆ ಮಾಡಿದರು. ದೀಕ್ಷೆಯಾದ 53ನೇ ದಿನ, ಡಿಸೆಂಬರ್ 6ರಂದು, ನಮ್ಮನ್ನು ಅಗಲಿದರು. ಎಂಜಿನ್ ಕೂರಿಸಿ ಚಾವಿ ನಮ್ಮ ಕೈಗಿಟ್ಟು ಹೋದರು. ಉಳಿದ ಕೆಲಸದ ಪಟ್ಟಿಯನ್ನೂ ಕೊಟ್ಟರು, ಅದೇ 22 ಪ್ರತಿಜ್ಞೆಗಳು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಅದರಲ್ಲಿ ಒಂಬತ್ತನೆಯದು. ಸಮಾನತೆಯನ್ನು ಸ್ಥಾಪಿಸಲು ಶ್ರಮಿಸುವುದು ಹತ್ತನೆಯದು. ಎರಡನ್ನೂ ಬೇರೆ ಬೇರೆಯಾಗಿ ಯಾಕೆ ಬರೆದರು? ನಂಬಿದ ಮಾತ್ರಕ್ಕೆ ಗಾಲಿ ತಿರುಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಓಣಿಗಳನ್ನು ನೋಡೋಣ. ಮನೆಯ ಮುಂದೆ ಪಂಚಶೀಲ ಧ್ವಜ, ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ. ಒಳಗೆ ಮಗನಿಗೆ ಹೆಣ್ಣು ಹುಡುಕುವಾಗ ಎಡಗೈಯೋ ಬಲಗೈಯೋ ಎಂಬ ಪಿಸುಮಾತು. ದೀಕ್ಷೆಯ ದಿನ ಮೇಲುಕೀಳನ್ನು ಬಿಟ್ಟೆವು ಎಂದವರ ಮನೆಯಲ್ಲಿ ಸೊಸೆ ತಂದ ವರದಕ್ಷಿಣೆಯ ಲೆಕ್ಕ. ಪ್ರತಿಜ್ಞೆಯಲ್ಲಿ ಕುಡಿಯುವುದಿಲ್ಲ ಎಂದಿದ್ದು, ಸಂಬಳದ ದಿನ ಮನೆಗೆ ತಡವಾಗಿ ಬರುವುದು. ಎಂಜಿನ್ ಹೊಸದು, ಹಿಂದಿನ ಅಚ್ಚು ಮಾತ್ರ ಹಳೆಯದೇ.

ಇದನ್ನು ಹೇಳಿದಾಗ ಬಳಗದ ಹಿರಿಯರೊಬ್ಬರು ಸಮಾಧಾನದಿಂದಲೇ ಅಂದರು: "ತಮ್ಮಾ, ಸಾವಿರಾರು ವರ್ಷದ ತುಕ್ಕು ಅದ. ನಿಧಾನಕ ಹೋಗ್ತದ. ಮಂದಿನ್ನ ಬೈದರ ಅವರು ವಿಹಾರಕ್ಕೂ ಬರೋದು ಬಿಡ್ತಾರ." ಈ ಮಾತಿನಲ್ಲಿ ನಿಜವಿದೆ. ಗ್ಯಾರೇಜಿನಲ್ಲೂ ಎಲ್ಲವನ್ನೂ ಒಂದೇ ದಿನ ಮಾಡಲಾಗುವುದಿಲ್ಲ. ಆದರೆ ಯಾವುದು ಕಾಯಬಹುದು, ಯಾವುದು ಕಾಯಬಾರದು ಎಂದು ವಿಂಗಡಿಸದಿದ್ದರೆ ಅವನು ಮೆಕ್ಯಾನಿಕ್ ಅಲ್ಲ.

ಸೀಟಿನ ಬಟ್ಟೆ ಹರಿದಿದ್ದರೆ ಕಾಯಬಹುದು, ಬಣ್ಣ ಮಾಸಿದ್ದರೂ ಕಾಯಬಹುದು. ಬ್ರೇಕ್ ಕಾಯುವಂತಿಲ್ಲ. ಅಜ್ಜಿ ಹಳೆಯ ಅಭ್ಯಾಸದಿಂದ ಹಬ್ಬದ ದಿನ ಹೋಳಿಗೆ ಮಾಡಿದರೆ, ಬಾಯಿತಪ್ಪಿ ಹಳೆ ದೇವರ ಹೆಸರು ಹೇಳಿದರೆ, ಅದು ಸೀಟಿನ ಬಟ್ಟೆ. ಅದನ್ನೇ ಹಿಡಿದು ಅಜ್ಜಿಯ ಮೇಲೆ ಕೂಗಾಡಬೇಕಿಲ್ಲ. ಹೆಂಡತಿಯ ಮೇಲೆ ಕೈ ಎತ್ತುವುದು, ಪಕ್ಕದ ಓಣಿಯವರನ್ನು ಒಳಜಾತಿ ನೋಡಿ ದೂರ ಇಡುವುದು, ಮಗಳ ಓದನ್ನು ನಡುವೆ ನಿಲ್ಲಿಸುವುದು, ಇವು ಬ್ರೇಕ್ ಫೇಲಾದ ಹಾಗೆ. ಇವು ಇನ್ನೊಬ್ಬರ ಮೇಲೆ ಹರಿಯುತ್ತವೆ. ನಿಧಾನಕ್ಕೆ ಸರಿಹೋಗಲಿ ಎಂದು ಹೇಳುವ ಹಕ್ಕು ಒಳಗೆ ಕೂತ ನಮಗಿಲ್ಲ, ಯಾಕೆಂದರೆ ಆ ನಿಧಾನದ ಬೆಲೆ ತೆರುವವರು ಬೇರೆಯವರು. ಮೇಲ್ಜಾತಿಯವರು ನಮಗೆ ಇಷ್ಟು ವರ್ಷ ಹೇಳಿದ್ದೂ ಇದೇ ಮಾತು ತಾನೇ, ನಿಧಾನಕ್ಕೆ ಆಗುತ್ತದೆ ಎಂದು?

ನಾವು ಬಹಳ ಸಲ ಇದನ್ನು ತಿರುಗಾಮುರುಗಾ ಮಾಡುತ್ತೇವೆ. ಬಣ್ಣಕ್ಕೆ ಚಂದಾ ಬೇಗ ಕೂಡುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಬ್ರೇಕಿನ ಕೆಲಸ ಗಾಡಿಯ ಕೆಳಗೆ ಮಲಗಿ ಮಾಡುವಂಥದು. ನಾವೆಷ್ಟು ದೂರ ಬಂದೆವೆಂದು ಅಳೆಯುವಾಗಲೂ ಹಳೆಯ ಮೀಟರನ್ನೇ ನಂಬುತ್ತೇವೆ: ಎಷ್ಟು ಮಂದಿ ಸೇರಿದರು, ಮೆರವಣಿಗೆ ಎಷ್ಟು ಉದ್ದವಿತ್ತು. ನಮ್ಮ ಜೊತೆ ಬದುಕುವವರಿಗೆ ನಮ್ಮ ಭಯ ಎಷ್ಟು ಕಡಿಮೆಯಾಯಿತು ಎಂಬುದನ್ನು ಆ ಮೀಟರ್ ತೋರಿಸುವುದಿಲ್ಲ. ಅದನ್ನು ಅವರನ್ನೇ ಕೇಳಿ ತಿಳಿಯಬೇಕು.

ಡಾಲ್ಫಿನ್ ಈಗ ಓಡಾಡುತ್ತಿದೆ. ಬಣ್ಣ ಇನ್ನೂ ಹಳೆಯದೇ, ಬಲಬಾಗಿಲ ಮೇಲೊಂದು ದೊಡ್ಡ ಕಲೆಯಿದೆ. ಬಣ್ಣ ಯಾವಾಗ ಎಂದು ಮೇಷ್ಟ್ರನ್ನು ಕೇಳಿದರೆ ದೀಪಾವಳಿಯೋ ಯುಗಾದಿಯೋ ನೋಡೋಣ ಎಂದು ನಗುತ್ತಾರೆ.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಮನೆಯಲ್ಲಿ ನಿಮಗಿಂತ ಚಿಕ್ಕವರನ್ನು, ನಿಮ್ಮ ಮಾತಿಗೆ ಎದುರಾಡಲು ಹಿಂಜರಿಯುವ ಒಬ್ಬರನ್ನು ಹತ್ತಿರ ಕೂರಿಸಿಕೊಳ್ಳಿ. ನನ್ನ ಯಾವ ನಡತೆಯಿಂದ ನಿನಗೆ ನೋವಾಗುತ್ತದೆ ಎಂದು ಕೇಳಿ. ಉತ್ತರ ಬಂದಾಗ ವಾದ ಮಾಡಬೇಡಿ, ಕೇಳಿಸಿಕೊಳ್ಳಿ. ನಾಳೆ ಬೆಳಿಗ್ಗೆ ಕೆಲಸ ಅಲ್ಲಿಂದ ಶುರುವಾಗಲಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ನಮೋ ಬುದ್ಧಾಯ.