ಕದಲಿಸದ ದೇವರು

ಹಾಸ್ಟೆಲ್ಲಿನ ದಿನಗಳಿಂದಲೂ ನಾವು ಮೂವರು ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕೂಗುವುದು. ಒಬ್ಬ ದಾವಣಗೆರೆ, ಒಬ್ಬ ಹಾಸನ, ನಾನು ಸಾಗರ. ಸಿಂಗಪುರದಲ್ಲಿ ಹಡಗು ಹತ್ತಿದಾಗಿನಿಂದ ‘ಸಾಗರ ಸಾಗರಕ್ಕೆ ಬಿದ್ದ’ ಎಂಬ ಹಾಸನನ ಜೋಕನ್ನು ಹದಿನೈದು ಸಲವಾದರೂ ಕೇಳಿದ್ದೇನೆ. ಮೂವರಿಗೂ 68 ದಾಟಿದೆ. ಜೊತೆಗೆ ನನ್ನ ಹೆಂಡತಿ ಇದ್ದಳು. ಗಡಿಯಾರ ನೋಡುವ ಕೆಲಸವನ್ನು ಅವಳಿಗೆ ಬಿಟ್ಟು ನಾವು ನಿಶ್ಚಿಂತೆಯಾಗಿದ್ದೆವು.

ವಿಯೆಟ್ನಾಮಿನ ಡಾ ನಾಂಗ್ ನಗರದ ಟಿಯೆನ್ ಸಾ ಬಂದರಿನಲ್ಲಿ ಹಡಗು ಬೆಳಿಗ್ಗೆ ಎಂಟಕ್ಕೆ ನಿಂತಿತು. ಸಂಜೆ ನಾಲ್ಕೂವರೆಗೆಲ್ಲ ಮರಳಿ ಹತ್ತಿರಬೇಕು. ನನಗೆ ಮೀ ಸನ್ ನೋಡುವ ಹಟ. ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಭದ್ರವರ್ಮನೆಂಬ ಚಂಪಾ ದೊರೆ ಶಿವನನ್ನು ಸ್ಥಾಪಿಸಿದ ಕಣಿವೆ ಅದು. 2020ರಲ್ಲಿ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ದುರಸ್ತಿಗೆಂದು ಅಗೆಯುವಾಗ ಒಂಬತ್ತನೆಯ ಶತಮಾನದ ಏಕಶಿಲಾ ಲಿಂಗವೊಂದು ಸಿಕ್ಕಿ, ಅದರ ಫೋಟೊ ನನ್ನ ವಾಟ್ಸಾಪಿಗೆ ಆರು ಗುಂಪುಗಳಿಂದ ಬಂದಿತ್ತು. ಹಾಸನನಿಗೆ ಬಾ ನಾ ಬೆಟ್ಟದ ಮೇಲೆ ಎರಡು ದೈತ್ಯ ಕೈಗಳು ಎತ್ತಿ ಹಿಡಿದಂತೆ ಕಟ್ಟಿದ ಸೇತುವೆ ಬೇಕಿತ್ತು. ಟ್ಯಾಕ್ಸಿಯವನು ಮೀ ಸನ್ ಎಂದೊಡನೆ ಬೆರಳು ಮಡಿಚಿ ಲೆಕ್ಕ ಹಾಕಿ ತಲೆಯಾಡಿಸಿದ. ಹೋಗುವುದಕ್ಕೇ 70 ಕಿಲೋಮೀಟರು. ಹೀಗೆ ಇಬ್ಬರೂ ಸೋತು ಊರೊಳಗೇ ಉಳಿದೆವು. ದಾರಿಯಲ್ಲಿ ಮಂಜುಗಡ್ಡೆಯ ಮೇಲೆ ಡಿಕಾಕ್ಷನ್ನೂ ಗಟ್ಟಿ ಸಿಹಿ ಹಾಲೂ ಬೆರೆಸಿದ ಕಾಫಿ ಕುಡಿದು ಹಾಸನ ‘ಪಕ್ಕಾ ರೊಬಸ್ಟಾ’ ಎಂದು ತೀರ್ಪು ಕೊಟ್ಟ. ಆಮೇಲೆ ಇನ್ನೊಂದು ಲೋಟ ತರಿಸಿದ.

ಹಾನ್ ನದಿಯ ದಂಡೆಯಲ್ಲಿ, ಡ್ರ್ಯಾಗನ್ ಸೇತುವೆ ಮುಗಿಯುವ ಕಡೆ, ಚಾಮ್ ಶಿಲ್ಪಗಳ, ಎಂದರೆ ಚಂಪಾದ ಜನರ ಶಿಲ್ಪಗಳ, ಮ್ಯೂಸಿಯಮ್ಮಿದೆ. ಫ್ರೆಂಚರು 1919ರಲ್ಲಿ ತೆರೆದದ್ದು. ಅಂಗಳದ ತುಂಬ ದೇವಕಣಗಿಲೆ ಮರಗಳು, ಕೆಳಗೆ ಉದುರಿದ ಬಿಳಿ ಹೂ. ಒಳಗೆ ಕಾಲಿಟ್ಟರೆ ನೆಂಟರ ಮನೆಗೆ ಬಂದ ಹಾಗೆ. ಮೀ ಸನ್‌ನಿಂದ ತಂದ ನಿಂತ ಗಣಪತಿ, ನವಿಲಿನ ಮೇಲೆ ಸ್ಕಂದ, ಕುಣಿಯುವ ಶಿವ. ಒಂದು ಪೀಠದ ಸುತ್ತ ಋಷಿಗಳ ದಿನಚರಿಯನ್ನು ಕೆತ್ತಿದ್ದಾರೆ. ಒಬ್ಬ ಕೊಳಲೂದುತ್ತಾನೆ, ಇನ್ನೊಬ್ಬ ಜೊತೆಯವನ ಮೈ ನೀವುತ್ತಿದ್ದಾನೆ. ತಪಸ್ಸಿನ ನಡುವೆ ಬೆನ್ನುನೋವಿಗೂ ಜಾಗ ಕೊಟ್ಟ ಆ ಶಿಲ್ಪಿಯ ಮುಂದೆ ನಾನು ಬಹಳ ಹೊತ್ತು ನಿಂತೆ.

ನಾನು ಹೇಳಹೊರಟ ಸಂಗತಿ ನಡೆದದ್ದು ಇನ್ನೊಂದು ಕೋಣೆಯಲ್ಲಿ. ಪಾಣಿಪೀಠದ ಮೇಲೆ ಒಂದು ಲಿಂಗ. ಜನ ಫೋನ್ ಹಿಡಿದು ಸುತ್ತ ತಿರುಗುತ್ತಿದ್ದರು. ಹಾಸನನೂ ಎಡದಿಂದ ಹೊರಟ. ಇವನು ನಲವತ್ತು ವರ್ಷದಿಂದ ದೇವರಿಲ್ಲ ಎಂದು ನಮ್ಮ ತಲೆ ತಿನ್ನುತ್ತಿರುವವನು. ಹೆಂಡತಿಯ ಒತ್ತಾಯಕ್ಕೆ ದೇವಸ್ಥಾನಕ್ಕೆ ಹೋದರೂ ಚಪ್ಪಲಿ ಕಾಯುತ್ತೇನೆಂದು ಹೊರಗೇ ಕೂರುತ್ತಾನೆ. ಅಭಿಷೇಕದ ನೀರು ಹರಿಯುವ ಗೋಮುಖದ ಹತ್ತಿರ ಬಂದವನು ಅಲ್ಲಿಗೇ ನಿಂತ. ಒಂದು ಗಳಿಗೆ ನೋಡಿದ. ಬಂದ ದಾರಿಯಲ್ಲೇ ಹಿಂದಕ್ಕೆ ಸುತ್ತಿ ಆ ಬದಿಗೆ ಹೋದ.

ಶಿವನ ಗುಡಿಯಲ್ಲಿ ಸೋಮಸೂತ್ರ ದಾಟಬಾರದು ಎಂದು ಸಣ್ಣಂದಿನಲ್ಲಿ ಅಜ್ಜಿ ಕೈ ಹಿಡಿದು ಎಳೆದು ಕಲಿಸಿದ ನಡೆ ಅದು. ಆ ಗೋಮುಖದಲ್ಲಿ ಎಷ್ಟು ಶತಮಾನಗಳಿಂದ ನೀರು ಹರಿದಿಲ್ಲವೋ. ದಾಟಿದರೆ ತಡೆಯುವವರು ಯಾರೂ ಇರಲಿಲ್ಲ.

‘ಯಾಕೋ ನಿಂತೆ?’ ಎಂದು ದಾವಣಗೆರೆ ಕಾಲೆಳೆದ.

‘ಗೊತ್ತಿಲ್ಲ ಕಣ್ಲಾ. ಕಾಲು ನಿಂತ್ಕಂತು.’

ಆಮೇಲೆ ಅವನೇ ನನ್ನ ಕಡೆ ತಿರುಗಿ ಕೇಳಿದ: ‘ನೀನು ಭಟ್ಟರ ಮಗ. ಹೇಳು, ಇದರೊಳಗೆ ಈಗ ದೇವರಿದಾನೋ ಇಲ್ವೋ?’

ನಗಲು ಬಾಯಿ ತೆರೆದೆ. ನಗು ಬರಲಿಲ್ಲ.

ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆ ಕಟ್ಟಿ ಮುಗಿಸಿದ 1964ರಲ್ಲಿ ನನಗೆ ಎಂಟು ವರ್ಷವಿರಬೇಕು. ಅಪ್ಪ ಊರಿನ ಈಶ್ವರ ದೇವಸ್ಥಾನದ ಪೂಜೆ ಭಟ್ಟರು. ನೀರು ಬರುವುದು ಖಚಿತವಾದ ಮೇಲೆ ಜನ ತೊಲೆ, ಬಾಗಿಲು, ಹಂಚು ಬಿಚ್ಚಿ ಲಾರಿಗೆ ಹೇರಿದರು. ಕೊಟ್ಟಿಗೆಯ ಕಂಬವನ್ನೂ ಬಿಡಲಿಲ್ಲ. ಲಿಂಗ ಮಾತ್ರ ಅಲುಗಲಿಲ್ಲ. ಹಾರೆ ಹಾಕಿ ಎಬ್ಬಿಸಲು ಅಪ್ಪ ಒಪ್ಪಲೂ ಇಲ್ಲ. ಹೊರಗಿನಿಂದ ತಂತ್ರಿಗಳನ್ನು ಕರೆಸಿ ಕಲಾಕರ್ಷಣೆ ಮಾಡಿದರು. ಕಲ್ಲಿನಲ್ಲಿರುವ ದೈವದ ಕಲೆಯನ್ನು ಮಂತ್ರದಿಂದ, ದರ್ಭೆಯ ಮೂಲಕ, ನೀರು ತುಂಬಿದ ಕಲಶಕ್ಕೆ ಎಳೆದುಕೊಳ್ಳುವ ಕ್ರಿಯೆ ಅದು. ಆ ಕಲಶವನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಲಾರಿಯ ಮುಂದಿನ ಸೀಟಿನಲ್ಲಿ ಕೂತರು. ಹೊಂಡ ಬಂದಾಗಲೆಲ್ಲ ಡ್ರೈವರ್ ಸಾಯಬರು ‘ಭಟ್ರೇ, ಗಟ್ಟಿ ಹಿಡ್ಕಳಿ’ ಎಂದು ಎಚ್ಚರಿಸಿ ಗಾಡಿ ನಿಧಾನ ಮಾಡುತ್ತಿದ್ದರಂತೆ. ಹೊಸ ಊರಿನಲ್ಲಿ ಹೊಸ ಕಲ್ಲು ನಿಂತಿತು, ಕಲಶದ ನೀರು ಅದರ ಮೇಲೆ ಬಿತ್ತು. ಅಪ್ಪನ ಮಟ್ಟಿಗೆ ಲೆಕ್ಕ ಚುಕ್ತಾ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಹಿನ್ನೀರು ತಳ ಕಾಣುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಅದರಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಆಗ ಮೇಲೆದ್ದು ನಿಲ್ಲುತ್ತದೆ. ಅಂಥದೊಂದು ಬೇಸಿಗೆಯಲ್ಲಿ ನಮ್ಮ ಹಳೆಯ ಲಿಂಗವೂ ಕೆಸರಿನಿಂದ ತಲೆ ಎತ್ತಿದೆ ಎಂಬ ಸುದ್ದಿ ಬಂತು. ಅಮ್ಮ ಹೊರಟಳು. ಅಪ್ಪ ಜಗುಲಿಯಿಂದ ಏಳಲಿಲ್ಲ. ‘ಅಲ್ಲಿ ಯಾರಿದಾರೆ ಅಂತ ಹೋಗ್ತೀರಿ?’ ಎಂದರು. ಕೋಪವಿರಲಿಲ್ಲ, ನಿಜವಾಗಿಯೂ ಕೇಳಿದ್ದರು. ಬಿರುಕುಬಿಟ್ಟ ಮಣ್ಣಿನ ಮೇಲೆ ಮೂರು ಮೈಲಿ ನಡೆದು ಹೋದ ಅಮ್ಮ ಸೆರಗಿನ ತುದಿಯಿಂದ ಕಲ್ಲಿನ ಕೆಸರು ಒರೆಸಿದಳು. ಕೈ ಮುಗಿಯಲಿಲ್ಲ. ಒರೆಸಿ, ‘ಅಪ್ಪನ ಹತ್ರ ಹೇಳಡ’ ಎಂದಳು.

ಹಾಗಾಗಿ ಹಾಸನನ ಪ್ರಶ್ನೆ ನನಗೆ ಹೊಸದಲ್ಲ. ಡಾ ನಾಂಗ್‌ನಲ್ಲಿ ಅದು ತಲೆಕೆಳಗಾಗಿ ಎದುರು ನಿಂತಿತ್ತು, ಅಷ್ಟೇ. ನಮ್ಮೂರಿನಲ್ಲಿ ದೇವರಿಗೆ ಹೇಳಿ ಹೊರಟೆವು. ಚಂಪಾದಲ್ಲಿ ಹೇಳಿದವರು ಯಾರು?

ನಮ್ಮ ಮನೆಗಳಲ್ಲಿ ವರಮಹಾಲಕ್ಷ್ಮಿಯ ಕಲಶವನ್ನು ಹಾಗೇ ಎತ್ತಿಡುವುದಿಲ್ಲ. ಮಂತ್ರ ಹೇಳಿ, ಅಕ್ಷತೆ ಹಾಕಿ, ಉತ್ತರಕ್ಕೆ ಒಂದು ಬೆರಳಷ್ಟು ಸರಿಸುತ್ತೇವೆ. ಕಲಶ ಕದಲಿಸುವುದು ಎನ್ನುತ್ತೇವೆ ಅದಕ್ಕೆ. ಆ ಒಂದು ಬೆರಳು ಸರಿಯುವ ಮುಂಚೆ ಅದು ಲಕ್ಷ್ಮಿ, ಸರಿದ ಮೇಲೆ ತೆಂಗಿನಕಾಯಿ, ಮರುದಿನ ಒಡೆದು ಪಾಯಸ ಮಾಡಬಹುದು. ಈ ಲೆಕ್ಕದಲ್ಲಿ ಮ್ಯೂಸಿಯಮ್ಮಿನ ಶಿವನನ್ನು ಕದಲಿಸಿದವರು ಯಾರು? ಫ್ರೆಂಚರು ಎತ್ತಿದ್ದಾರೆ, ಸಾಗಿಸಿದ್ದಾರೆ, ನಂಬರು ಹಾಕಿ ಕೂರಿಸಿದ್ದಾರೆ. ಕದಲಿಸಿದರು ಎನ್ನಲು ನನ್ನ ನಾಲಿಗೆ ಬರುವುದಿಲ್ಲ. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬುಗಳು ಮೀ ಸನ್ನಿನ ಎಲ್ಲಕ್ಕಿಂತ ಎತ್ತರದ ಗೋಪುರವನ್ನು ಕೆಡವಿದವು. ಅದನ್ನಂತೂ ಯಾವ ಆಗಮದವನೂ ವಿಸರ್ಜನೆ ಎನ್ನಲಾರ.

ವೇದಾಂತದ ಉತ್ತರ ನನಗೆ ಗೊತ್ತು. ಎಲ್ಲೆಡೆ ತುಂಬಿರುವವನು ಬರುವುದೆಲ್ಲಿಂದ, ಹೋಗುವುದೆಲ್ಲಿಗೆ? ಆವಾಹನೆ, ಉದ್ವಾಸನೆ ಎಲ್ಲ ಪೂಜೆ ಮಾಡುವವನ ಮನಸ್ಸಿನ ಅನುಕೂಲಕ್ಕೆ. ಅಪ್ಪನೂ ಸಂಜೆಯ ಹರಟೆಯಲ್ಲಿ ಇದನ್ನೇ ಹೇಳುತ್ತಿದ್ದರು, ಬೆಳಿಗ್ಗೆ ಎದ್ದು ಗಂಟೆ ಬಾರಿಸಿ ದೇವರನ್ನು ಕರೆಯುತ್ತಿದ್ದರು. ಉತ್ತರ ಸರಿಯೇ ಇರಬಹುದು. ಅದು ಯಾರ ಕಾಲನ್ನೂ ಗೋಮುಖದ ಹತ್ತಿರ ತಡೆದು ನಿಲ್ಲಿಸುವುದಿಲ್ಲ, ನನ್ನ ತಕರಾರು ಇಷ್ಟೇ.

ದೊರೆಗಳು ಇದನ್ನು ಬೇರೆ ಥರ ಯೋಚಿಸಿದ್ದರು. ಭದ್ರವರ್ಮ ತಾನು ಸ್ಥಾಪಿಸಿದ ಶಿವನಿಗೆ ತನ್ನ ಹೆಸರನ್ನೇ ಸೇರಿಸಿ ಭದ್ರೇಶ್ವರ ಎಂದ. ಗುಡಿ ಬೆಂಕಿಗೆ ಹೋಯಿತು. ಮತ್ತೆ ಕಟ್ಟಿಸಿದ ಶಂಭುವರ್ಮ ಹಳೆಯ ಹೆಸರನ್ನು ಬಿಡದೆ ತನ್ನದನ್ನು ಮುಂದೆ ಜೋಡಿಸಿ ಶಂಭುಭದ್ರೇಶ್ವರ ಎಂದ. ಪಟ್ಟದಕಲ್ಲಿನಲ್ಲಿ ನಮ್ಮ ಚಾಲುಕ್ಯರು ಮಾಡಿದ್ದೂ ಇದನ್ನೇ. ವಿಜಯಾದಿತ್ಯನದು ವಿಜಯೇಶ್ವರ, ಲೋಕಮಹಾದೇವಿಯದು ಲೋಕೇಶ್ವರ. ಇವತ್ತು ಒಂದು ಸಂಗಮೇಶ್ವರ, ಇನ್ನೊಂದು ವಿರೂಪಾಕ್ಷ. ಕಟ್ಟಿಸಿದವರ ಹೆಸರನ್ನು ಜನ ಸದ್ದಿಲ್ಲದೆ ಕಳಚಿದರು, ವಿರೂಪಾಕ್ಷನಿಗೆ ದಿನದ ಪೂಜೆ ನಿಲ್ಲಿಸಲಿಲ್ಲ. ಇಲ್ಲಿ ಆದದ್ದು ತಿರುಗುಮುರುಗು. ಭದ್ರವರ್ಮನ ಹೆಸರು ಶಾಸನದಲ್ಲಿ ಉಳಿದಿದೆ, ಶಂಭುವರ್ಮನದೂ ಉಳಿದಿದೆ. ಗಂಟೆ ಇಲ್ಲ.

ಚಾಮರು ಇಲ್ಲವಾಗಲಿಲ್ಲ. 1471ರಲ್ಲಿ ಉತ್ತರದ ದೊರೆ ಲೆ ಥಾನ್ ತೊಂಗ್ ಅವರ ರಾಜಧಾನಿ ವಿಜಯವನ್ನು ಗೆದ್ದ. ದಕ್ಷಿಣದಲ್ಲಿ ಉಳಿದಿದ್ದ ಕೊನೆಯ ಸಂಸ್ಥಾನ 1832ರಲ್ಲಿ ಹೋಯಿತು. ಅದರ ಹೆಸರು ಪಾಂಡುರಂಗ. ಅದನ್ನು ಕೇಳಿದ ಮೇಲೆ ನನ್ನ ಹೆಂಡತಿ ಹತ್ತು ನಿಮಿಷ ಗಡಿಯಾರ ನೋಡಲಿಲ್ಲ. ಆ ಪಾಂಡುರಂಗವೇ ಈಗಿನ ಫಾನ್ ರಾಂಗ್ ಸೀಮೆ. ಅಲ್ಲಿ ಪೊ ಕ್ಲೋಂಗ್ ಗರಾಯ್ ಎಂಬ ಗೋಪುರದೊಳಗೆ ಮುಖಲಿಂಗವೊಂದಿದೆ. ವರ್ಷಕ್ಕೊಮ್ಮೆ, ಕಾತೆ ಹಬ್ಬದಲ್ಲಿ, ಚಾಮ್ ಪೂಜಾರಿಗಳು ಅದಕ್ಕೆ ಸ್ನಾನ ಮಾಡಿಸಿ ಬಟ್ಟೆ ಉಡಿಸುತ್ತಾರೆ.

‘ಲೇ ಸಾಗರ, ನಿಮ್ ದೇವ್ರದು ಭಾಳ ತ್ರಾಸು’ ಎಂದ ದಾವಣಗೆರೆ. ‘ಅವಂಗೆ ಮನೆ ಕಟ್ಟಬೇಕು, ಮನೆ ಬಿದ್ರೆ ಲಾರಿ ತರಬೇಕು. ನಂದು ನನ್ ಜೋಡೀನೇ ಹಡಗಿನಾಗ ಬಂದೈತಿ ನೋಡು.’ ಶರ್ಟಿನ ಮೇಲಿನಿಂದಲೇ ಎದೆ ಮುಟ್ಟಿಕೊಂಡ. ಅವನು ಲಿಂಗಾಯತ. ಆ ಬೆಳಿಗ್ಗೆ ಕ್ಯಾಬಿನ್ನಿನ ಪುಟ್ಟ ಮೇಜಿನ ಮೇಲೆ ಟವೆಲ್ ಹಾಸಿ, ಇಷ್ಟಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆ ಮುಗಿಸಿದ್ದ. ಅವನ ಲಿಂಗವನ್ನು ಯಾವತ್ತೂ ಕದಲಿಸುವ ಮಾತಿಲ್ಲ, ಕೊನೆಗೆ ಅವನ ಜೊತೆ ಮಣ್ಣಿಗೇ ಹೋಗುತ್ತದೆ. ಸ್ಥಾವರ ಜಂಗಮದ ಜಗಳ ನಮ್ಮಿಬ್ಬರ ನಡುವೆ ಹಾಸ್ಟೆಲ್ಲಿನ ಕಾಲದ್ದು, ಅವನೇ ಗೆಲ್ಲುವುದು. ಆದರೆ ಅವತ್ತು ನಾನು ಗಮನಿಸಿದ್ದನ್ನು ಹೇಳಿಬಿಡುತ್ತೇನೆ: ಇಷ್ಟು ಹೇಳಿದ ಅವನೂ ಆ ಗೋಮುಖ ದಾಟಲಿಲ್ಲ. ಹಾಸನ ತಿರುಗಿದ ಕಡೆಯೇ ತಿರುಗಿದ.

‘ನಿಮ್ಮಪ್ಪ ಹೇಳಿದ ಮಂತ್ರ ನಿಂಗೆ ಬರುತ್ತಾ?’ ಹಾಸನ ಕೇಳಿದ.

‘ಉದ್ವಾಸನೆದು ಬರುತ್ತೆ.’

‘ಹಂಗಾದ್ರೆ ಹೇಳಿಬಿಡೋ. ಪಾಪ, ಬಿಡುಗಡೆ ಆಗ್ಲಿ.’

ತಮಾಷೆಗೆ ಹೇಳಿದನೋ, ನಿಜಕ್ಕೆ ಹೇಳಿದನೋ, ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲಿನ ಹೆಂಗಸು ನಮ್ಮನ್ನೇ ನೋಡುತ್ತಿದ್ದಳು. ಮಂತ್ರ ಗಂಟಲಿನವರೆಗೆ ಬಂದಿತ್ತು. ಬಾಯಿಗೆ ಬರಲಿಲ್ಲ. ಹೋಗು ಎನ್ನುವವನು ಎಲ್ಲಿಗೆ ಎಂದೂ ಹೇಳಬೇಕು. ಅಪ್ಪನ ತೊಡೆಯ ಮೇಲೆ ಕಲಶವಿತ್ತು, ಮುಂದೆ ಒಂದು ಊರಿತ್ತು. ನನ್ನ ಕೈಯಲ್ಲಿದ್ದದ್ದು ಹಡಗಿನವರು ಕೊಟ್ಟ ನೀರಿನ ಬಾಟಲಿ. ಅದೂ ಅರ್ಧ ಖಾಲಿ. ಮೇಲಾಗಿ ಕಳಿಸಿಕೊಡುವ ಹಕ್ಕು ಇದ್ದರೆ ಫಾನ್ ರಾಂಗ್‌ನ ಪೂಜಾರಿಗಳಿಗೆ ಇದೆ. ಆರು ವಾಟ್ಸಾಪ್ ಗುಂಪಿನಲ್ಲಿ ಫೋಟೊ ನೋಡಿ ಬಂದವನಿಗೆ ಎಲ್ಲಿಯದು?

ಬದಲಿಗೆ ಜೇಬಿನಿಂದ ಕರ್ಚೀಫು ತೆಗೆದೆ. ಪೀಠದ ಅಂಚಿನಲ್ಲಿ ಧೂಳಿತ್ತು. ಕೈ ಅರ್ಧ ಹೋಗಿದ್ದಾಗ ಕಾವಲಿನವಳು ಕುರ್ಚಿಯಿಂದೆದ್ದು ಬೆರಳಾಡಿಸಿದಳು. ಮುಟ್ಟಬಾರದು. ಗರ್ಭಗುಡಿಯ ಬಾಗಿಲಲ್ಲಿ ಅಪ್ಪ ಹೊರಗಿನವರಿಗೆ ಹೇಳುತ್ತಿದ್ದುದೂ ಅದನ್ನೇ. ಕರ್ಚೀಫನ್ನು ಮಡಿಚಿ ಒಳಗಿಟ್ಟುಕೊಂಡೆ.

‘ಎರಡೂವರೆ ಆಯ್ತು’ ಎಂದಳು ಹೆಂಡತಿ.

ಹಡಗಿನ ಬಾಗಿಲಲ್ಲಿ ಪ್ರತಿ ಬಂದರಿನಲ್ಲಿ ಆದಂತೆ ಇಲ್ಲಿಯೂ ಆಯಿತು. ದಾವಣಗೆರೆ ಕಮಾನಿನಡಿ ಕಾಲಿಡುತ್ತಲೇ ಯಂತ್ರ ಕೂಗಿತು. ಅವನು ಶರ್ಟಿನ ಗುಂಡಿ ಬಿಚ್ಚಿ ಬೆಳ್ಳಿಯ ಕರಡಿಗೆ ತೋರಿಸಿದ. ಇವತ್ತು ಕಾವಲಿಗಿದ್ದವಳು ಹೊಸ ಹುಡುಗಿ. ಅದನ್ನು ಹತ್ತಿರದಿಂದ ನೋಡಿ, ಇದರೊಳಗೆ ಏನಿದೆ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು. ಉಳಿದ ಬಂದರುಗಳಲ್ಲಿ ಪಟ್ಟನೆ ಉತ್ತರ ಕೊಡುತ್ತಿದ್ದವನು ಇಲ್ಲಿ ತಡೆದ. ನನ್ನ ಕಡೆ ತಿರುಗಿದ.

‘ಸಾಗರ, ನೀನೇ ಹೇಳಲೇ.’

ನಾನು ಹಾಸನನ ಮುಖ ನೋಡಿದೆ. ಹಿಂದೆ ಸರತಿ ಬೆಳೆಯುತ್ತಿತ್ತು.