ಹೆಸರಿಲ್ಲದ ಹುಡುಗ ಮತ್ತು ತತ್ತ್ವಶಾಸ್ತ್ರದ ಮೊದಲ ಪಾಠ

'ಹೊಟ್ಟೆಗಿಲ್ಲದವನಿಗೆ ಎಂಥ ತತ್ತ್ವಶಾಸ್ತ್ರ ಮಾರಾಯ್ರೆ?' ಅಂತ ನಮ್ಮವರೇ ಕೇಳ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಹಾಸ್ಟೆಲಿನ ಪ್ರಶ್ನೆ ಇದೆ. ಇಷ್ಟೆಲ್ಲ ಇರುವಾಗ ಗ್ರೀಸಿನ ಸಾಕ್ರೆಟಿಸ್, ಫ್ರಾನ್ಸಿನ ಡೆಕಾರ್ಟ್, ಜರ್ಮನಿಯ ಕಾಂಟ್ ಇವರನ್ನೆಲ್ಲ ಕಟ್ಟಿಕೊಂಡು ನಮಗೇನಾಗಬೇಕು? ಹೊಟ್ಟೆ ತುಂಬಿದವರ ಆಟ ಅಂತ ಬಿಟ್ಟುಬಿಡಬಹುದು. ಆದರೆ ಒಂದು ಮಾತು ನೆನಪಿಡೋಣ. ಈ ದೇಶದಲ್ಲಿ ನಮ್ಮ ಹೊಟ್ಟೆಗೆ ಹೊಡೆದವರು ತಲೆಗೂ ಹೊಡೆದರು. ಭೂಮಿ ಕಸಿದವರು ಅದರ ಜೊತೆಗೇ ಪ್ರಶ್ನೆ ಕೇಳುವ ಹಕ್ಕನ್ನೂ ಕಸಿದರು. ಎರಡನ್ನೂ ವಾಪಸು ಕೇಳಬೇಕಾದವರು ನಾವು. ಹಾಗಾಗಿ ತತ್ತ್ವಶಾಸ್ತ್ರದ ತರಗತಿಯಲ್ಲಿ ಮೊದಲು ಯಾವ ಪಾಠ ಇಡಬೇಕು ಅನ್ನುವ ಪ್ರಶ್ನೆಯನ್ನು ಪಠ್ಯ ಸಮಿತಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರಲಾಗದು.

ಉಡುಪಿಯ ಬನ್ನಂಜೆಯನ್ನೇ ತಗೊಳ್ಳಿ. ಕೃಷ್ಣಮಠದಿಂದ ನಡೆದು ಹೋಗುವಷ್ಟು ದೂರದ ಜಾಗ. ಇಬ್ಬರು ವಿದ್ವಾಂಸರ ಹೆಸರಿಗೆ ಈ ಊರಿನ ಹೆಸರು ಅಂಟಿಕೊಂಡಿದೆ. ಒಬ್ಬರು ಮಧ್ವ ಶಾಸ್ತ್ರವನ್ನು ಅರೆದು ಕುಡಿದ, ಸಂಸ್ಕೃತದ ಕಾವ್ಯ-ನಾಟಕಗಳನ್ನು ಕನ್ನಡಕ್ಕೆ ತಂದ ಬನ್ನಂಜೆ ಗೋವಿಂದಾಚಾರ್ಯ (1936-2020). ಇನ್ನೊಬ್ಬರು ತುಳುನಾಡಿನ ದೈವಗಳ ಬಗ್ಗೆ, ಗರಡಿಗಳ ಬಗ್ಗೆ, ಕೋಟಿ ಚೆನ್ನಯರ ಬಗ್ಗೆ ದುಡಿದ ಬನ್ನಂಜೆ ಬಾಬು ಅಮೀನ್. ಇದೇ ಬನ್ನಂಜೆಯಲ್ಲಿ ಬಿಲ್ಲವರು ಕಟ್ಟಿಕೊಂಡ ನಾರಾಯಣ ಗುರು ಮಂದಿರವೂ ಇದೆ. 1888ರಲ್ಲಿ ಅರುವಿಪ್ಪುರದಲ್ಲಿ ತಮ್ಮ ಕೈಯಾರೆ ಶಿವನನ್ನು ಪ್ರತಿಷ್ಠೆ ಮಾಡಿ, 1912ರಲ್ಲಿ ಮಂಗಳೂರಿನ ಕುದ್ರೋಳಿಗೂ ಬಂದು ಪ್ರತಿಷ್ಠೆ ಮಾಡಿದ ಗುರು ಅವರು.

ಅಂದರೆ ಯೋಚನೆಗೆ ಇಲ್ಲಿ ಬರ ಇಲ್ಲ. ಬರ ಇರುವುದು ಬೆಂಚಿಗೆ. ಈ ಮೂರೂ ಒಂದೇ ಬೆಂಚಿನಲ್ಲಿ ಕೂತದ್ದನ್ನು ಯಾರೂ ಕಾಣೆವು. ಮೊದಲನೆಯದಕ್ಕೆ ತತ್ತ್ವಶಾಸ್ತ್ರ ಅಂತ ಹೆಸರು. ಎರಡನೆಯದು ಜಾನಪದ. ಮೂರನೆಯದು ಸಮಾಜ ಸುಧಾರಣೆ. ಯಾರು ಯೋಚಿಸಿದರು ಅಂತ ನೋಡಿಕೊಂಡೇ ಯೋಚನೆಗೆ ಹೆಸರಿಡುತ್ತಾರೆ. 2022ರಲ್ಲಿ ಹತ್ತನೇ ತರಗತಿಯ ಸಮಾಜ ವಿಜ್ಞಾನದ ಪುಸ್ತಕದಿಂದ ನಾರಾಯಣ ಗುರುಗಳ ಪಾಠ ಬಿಟ್ಟುಹೋದಾಗ ಕರಾವಳಿಯ ಜನ ಬೀದಿಗಿಳಿದರು. ಇಳಿದದ್ದು ಸರಿಯೇ. ಆದರೆ ಆ ಪಾಠ ಇದ್ದಾಗಲೂ ಗುರುಗಳು ಅದರಲ್ಲಿ ಸುಧಾರಕರೇ ಆಗಿದ್ದರು. ಅದ್ವೈತವನ್ನು ಹಿಡಿದು ಜಾತಿಯನ್ನು ಅಲ್ಲಾಡಿಸಿದ ಚಿಂತಕ ಅಂತ ಅವರನ್ನು ತತ್ತ್ವಶಾಸ್ತ್ರದ ತರಗತಿಗೆ ಕರೆಯಬೇಕು ಎಂಬ ಕೂಗನ್ನು ನಾವು ಇನ್ನೂ ಎಬ್ಬಿಸಬೇಕಾಗಿದೆ.

ನಮ್ಮ ಶಾಸ್ತ್ರಗಳಲ್ಲಿ ಪ್ರಶ್ನೆಗಿಂತ ಮೊದಲು ಅಧಿಕಾರ ಬರುತ್ತದೆ. ಬ್ರಹ್ಮಸೂತ್ರದ ಮೊದಲ ಸೂತ್ರ ಜಿಜ್ಞಾಸೆಯದ್ದು. ಕೇಳಲಿಕ್ಕೆ ಬಹಳ ಚಂದ. ಮುಂದೆ ಅದೇ ಮೊದಲ ಅಧ್ಯಾಯದಲ್ಲಿ ಅಪಶೂದ್ರಾಧಿಕರಣ ಅಂತ ಒಂದು ಭಾಗ ಇದೆ. ವೇದದ ದಾರಿಯ ಈ ಜಿಜ್ಞಾಸೆಗೆ ಶೂದ್ರನಿಗೆ ಅಧಿಕಾರ ಇಲ್ಲ ಅಂತ ಶಂಕರ, ರಾಮಾನುಜ, ಮಧ್ವ ಮೂವರೂ ಅಲ್ಲಿ ತೀರ್ಪು ಕೊಡುತ್ತಾರೆ. ಲೋಕ ಸತ್ಯವೋ ಮಿಥ್ಯೆಯೋ ಎಂಬಲ್ಲಿ ಕಿತ್ತಾಡಿದವರು ಇಲ್ಲಿ ಮಾತ್ರ ಒಂದೇ ಪಂಕ್ತಿಯಲ್ಲಿ ಕೂತರು! ಮಧ್ವಮತದಲ್ಲಿ ತಾರತಮ್ಯ ಅನ್ನುವುದು ದೊಡ್ಡ ಸಿದ್ಧಾಂತ. ಅದು ಜೀವರ ಯೋಗ್ಯತೆಯ ಮಾತು, ಜಾತಿಯದ್ದಲ್ಲ ಎಂದು ಪಂಡಿತರು ವಿವರಿಸುತ್ತಾರೆ. ಇರಬಹುದು. ಆದರೆ ಕನ್ನಡದ ಜನರ ಬಾಯಲ್ಲಿ ತಾರತಮ್ಯ ಅಂದರೆ ಒಂದೇ ಅರ್ಥ. ಆ ಅರ್ಥ ಜನರಿಗೆ ಎಲ್ಲಿಂದ ಸಿಕ್ಕಿತು ಎನ್ನುವುದೇ ಒಂದು ಒಳ್ಳೆಯ ಪಾಠವಾದೀತು.

ಹಾಗಾದರೆ ಪಾಶ್ಚಾತ್ಯ ತತ್ತ್ವಶಾಸ್ತ್ರ ಬಂದರೆ ಬಿಡುಗಡೆಯೇ? ಅಷ್ಟು ಸುಲಭ ಅಲ್ಲ. ನಮ್ಮ ಹುಡುಗರ ಕೈಗೆ ಸಿಗುವ ಗೈಡು, ನೋಟ್ಸುಗಳನ್ನು ತೆರೆದು ನೋಡಿ. ಥೇಲ್ಸ್ ನೀರು ಅಂದ, ಹೆರಾಕ್ಲಿಟಸ್ ಬೆಂಕಿ ಅಂದ, ಪ್ಲೇಟೋ ಭಾವಲೋಕ ಅಂದ, ಕಾಂಟ್ ಕರ್ತವ್ಯ ಅಂದ. ಉತ್ತರಗಳ ಮೆರವಣಿಗೆ! ಪ್ರಶ್ನೆ ಯಾರದ್ದು, ಯಾಕೆ ಎದ್ದಿತು, ಎದ್ದಾಗ ಆ ಮನೆಯ ಪಾತ್ರೆ ಯಾರು ತೊಳೆಯುತ್ತಿದ್ದರು? ಒಂದು ಸಾಲೂ ಇಲ್ಲ. ಮಂತ್ರ ಬಾಯಿಪಾಠ ಮಾಡುವ ಜಾಗದಲ್ಲಿ ಇಂಗ್ಲಿಷ್ ಹೆಸರು ಬಾಯಿಪಾಠ. ಪುರೋಹಿತ ಬದಲಾದ, ಪೌರೋಹಿತ್ಯ ಹೋಗಲಿಲ್ಲ.

ಮೊದಲ ಪಾಠ ಯಾವುದಿರಬೇಕು ಅಂತ ಕೇಳಿದರೆ ನಾವು ಒಬ್ಬ ಹುಡುಗನನ್ನು ತೋರಿಸುತ್ತೇವೆ. ಪ್ಲೇಟೋ ಬರೆದ 'ಮೆನೋ' ಎಂಬ ಸಂವಾದದಲ್ಲಿ ಅವನು ಬರುತ್ತಾನೆ. ಕಲಿಯುವುದು ಅಂದರೇನು ಎಂದು ಸಾಕ್ರೆಟಿಸನಿಗೂ ಮೆನೋ ಎಂಬ ಶ್ರೀಮಂತನಿಗೂ ಚರ್ಚೆ. ಮೆನೋನ ಗುಲಾಮರಲ್ಲಿ ಒಬ್ಬ ಹುಡುಗನನ್ನು ಕರೆಸುತ್ತಾರೆ. ಇವನಿಗೆ ಗ್ರೀಕ್ ಮಾತು ಬರುತ್ತದಾ ಅಂತ ಸಾಕ್ರೆಟಿಸ್ ಮೊದಲು ವಿಚಾರಿಸುತ್ತಾನೆ. ಬರುತ್ತದೆ, ಮನೆಯಲ್ಲೇ ಹುಟ್ಟಿದವನು ಎಂಬ ಉತ್ತರ. ಆಮೇಲೆ ಎರಡಡಿ ಬದಿಯ ಒಂದು ಚೌಕ ತೋರಿಸಿ, ಇದರ ಎರಡರಷ್ಟು ದೊಡ್ಡ ಚೌಕಕ್ಕೆ ಬದಿ ಎಷ್ಟು ಬೇಕು ಅಂತ ಪ್ರಶ್ನೆ. ಹುಡುಗ ನಾಲ್ಕಡಿ ಅನ್ನುತ್ತಾನೆ. ಅದು 16 ಚದರಡಿ ಆಗುತ್ತದೆ, ಬೇಕಾದದ್ದು 8. ಮೂರಡಿ ಅನ್ನುತ್ತಾನೆ. ಅದು 9. ಕೊನೆಗೆ ಗೊತ್ತಿಲ್ಲ ಅನ್ನುತ್ತಾನೆ. ಆ ಗೊತ್ತಿಲ್ಲ ಎಂಬ ಮಾತಿಗೆ ಸಾಕ್ರೆಟಿಸ್ ಬೆತ್ತ ಎತ್ತುವುದಿಲ್ಲ, ಈಗ ಇವನು ಮುಂದೆ ಬಂದಿದ್ದಾನೆ ಅನ್ನುತ್ತಾನೆ. ಮೂಲೆಯಿಂದ ಮೂಲೆಗೆ ಎಳೆದ ಗೆರೆಯೇ ಹೊಸ ಚೌಕದ ಬದಿ ಅಂತ ಹುಡುಗ ಕೊನೆಗೆ ಕಂಡುಕೊಳ್ಳುತ್ತಾನೆ. ನಮ್ಮ ಗಾರೆ ಕೆಲಸದವರು ಮುರಕಲ್ಲಿನ ಗೋಡೆ ಏಳಿಸುವ ಮೊದಲು ಮೂಲೆಮಟ್ಟಕ್ಕೆ ಹಿಡಿಯುತ್ತಾರಲ್ಲ, ಆ ಹಗ್ಗ ಹೋಗುವುದೂ ಅದೇ ದಾರಿಯಲ್ಲಿ.

ಈ ಪಾಠದಲ್ಲಿ ಮೇಷ್ಟ್ರಿಗೆ ಕಲಿಯಲು ಎರಡು ಸಂಗತಿ ಇದೆ. ಒಂದು, ಮಗುವಿಗೆ ಬರುವ ಭಾಷೆ ಯಾವುದು ಅಂತ ಮೊದಲು ಕೇಳು. ತುಳುವಿನಲ್ಲಿ ಯೋಚಿಸಿ, ಕನ್ನಡದಲ್ಲಿ ಬರೆದು, ಇಂಗ್ಲಿಷಿನಲ್ಲಿ ಪರೀಕ್ಷೆ ಕಟ್ಟುವ ಹುಡುಗಿಯ ಮೌನವನ್ನು ದಡ್ಡತನ ಅಂತ ಬರೆದುಕೊಳ್ಳಬೇಡ. ಎರಡು, ಗೊತ್ತಿಲ್ಲ ಅನ್ನುವುದಕ್ಕೆ ಅವಮಾನ ಮಾಡಬೇಡ.

ನಮಗೆ ಬೇಕಾದದ್ದು ಮೂರನೆಯ ಸಂಗತಿ. ಅದು ಪ್ಲೇಟೋನ ಪುಸ್ತಕದಲ್ಲಿ ಇಲ್ಲ. ಲೆಕ್ಕ ಮುಗಿಯಿತು, ಹುಡುಗನ ಕೆಲಸ ಮುಗಿಯಿತು. ಆತ್ಮಕ್ಕೆ ಮೊದಲೇ ಎಲ್ಲ ಗೊತ್ತಿರುತ್ತದೆ ಎಂಬ ಸಿದ್ಧಾಂತಕ್ಕೆ ಅವನು ಸಾಕ್ಷಿಯಾದ. ದೊಡ್ಡವರು ಚರ್ಚೆ ಮುಂದುವರಿಸಿದರು. ಅವನ ಹೆಸರೇನು? ಬರೆದಿಲ್ಲ. ಇಷ್ಟು ಬುದ್ಧಿ ಇರುವವನು ಗುಲಾಮ ಯಾಕೆ? ಕೇಳಿಲ್ಲ. ಅವನಿಗೇ ಏನಾದರೂ ಕೇಳಲಿಕ್ಕಿತ್ತಾ? ಯಾರಿಗೂ ಬೇಕಾಗಿಲ್ಲ. ಕೇಳಿದ ಪ್ರಶ್ನೆಗೆ ಉತ್ತರಿಸುವ ಹಕ್ಕು ಅವನಿಗೆ ಸಿಕ್ಕಿತು, ತನ್ನದೇ ಪ್ರಶ್ನೆ ಕೇಳುವ ಹಕ್ಕು ಸಿಗಲಿಲ್ಲ.

ಗೆಳೆಯರೇ, ಇಲ್ಲಿ ಒಂದು ಸಂಕಟ ಏಳುತ್ತದೆ. ಪ್ಲೇಟೋನ ಶಿಷ್ಯ ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರು ಎಂದು ಬರೆದ. ಉತ್ತಮ ರಾಜ್ಯದಲ್ಲಿ ಕೈಕೆಲಸದವನು ನಾಗರಿಕ ಆಗಲಾರ ಎಂದೂ ಬರೆದ. ಮನುಷ್ಯನಿಗೆ ಬೆಲೆ ಕಟ್ಟಲಾಗದು, ಅವನಿಗಿರುವುದು ಘನತೆ ಎಂದು 1785ರಲ್ಲಿ ಬರೆದ ಇಮ್ಯಾನುಯೆಲ್ ಕಾಂಟ್ 1764ರ ಒಂದು ಪುಸ್ತಕದಲ್ಲಿ ಒಬ್ಬ ಬಡಗಿಯ ಮಾತನ್ನು ಎತ್ತುತ್ತಾನೆ. ಬಡಗಿ ಆಫ್ರಿಕಾ ಮೂಲದವನು. ಅವನ ಮಾತಿನಲ್ಲಿ ಏನಾದರೂ ಇದ್ದೀತು ಎಂದು ಒಂದು ಕ್ಷಣ ತಡೆದು, ಅವನು ಕಪ್ಪಗಿದ್ದಾನೆ, ಆದ್ದರಿಂದ ಮಾತು ಮೂರ್ಖತನದ್ದು ಎಂದು ಮುಗಿಸಿಬಿಡುತ್ತಾನೆ. ಇಂಥವರನ್ನು ನಮ್ಮ ಮಕ್ಕಳಿಗೆ ಯಾಕೆ ಕಲಿಸಬೇಕು? ಕಲಿಸಿದರೂ ಈ ಪುಟಗಳನ್ನು ಅಂಟಿಸಿ ಮುಚ್ಚಿಬಿಡುವುದು ಒಳ್ಳೆಯದಲ್ಲವೆ?

ನಮ್ಮ ಉತ್ತರ ಹೀಗೆ. ಕಲಿಸಬೇಕು, ಆ ಪುಟ ತೆರೆದಿಟ್ಟೇ ಕಲಿಸಬೇಕು. ಮುಚ್ಚಿದರೆ ಕಾಂಟ್ ದೇವರಾಗುತ್ತಾನೆ. ನಮಗೆ ಇನ್ನೊಬ್ಬ ದೇವರು ಬೇಡ. ಎಸೆದರೆ ಅವನು ಮಾಡಿದ ಅಳತೆಗೋಲೂ ಕೈತಪ್ಪುತ್ತದೆ. ಘನತೆ ಎಂಬ ಆ ಕೋಲನ್ನು ಹಿಡಿದು ಕಾಂಟನನ್ನೇ ಅಳೆಯಲಿ ಮಕ್ಕಳು. ಪಕ್ಕದಲ್ಲೇ ಆಂಟನ್ ವಿಲ್ಹೆಲ್ಮ್ ಆಮೋನ ಪಾಠ ಇರಲಿ. ಇಂದಿನ ಘಾನಾದಲ್ಲಿ ಹುಟ್ಟಿ, ಎಳವೆಯಲ್ಲೇ ಯುರೋಪಿಗೆ ಸಾಗಿಸಲ್ಪಟ್ಟು, ಜರ್ಮನಿಯ ಒಬ್ಬ ಡ್ಯೂಕನ ಮನೆಗೆ ಕಾಣಿಕೆಯಾಗಿ ಹೋದ ಹುಡುಗ. ಅವನು 1734ರಲ್ಲಿ ಮನಸ್ಸು ಮತ್ತು ಸಂವೇದನೆಯ ಬಗ್ಗೆ ಪ್ರಬಂಧ ಮಂಡಿಸಿದ, ಹಾಲೆ ಮತ್ತು ಯೇನಾ ವಿಶ್ವವಿದ್ಯಾಲಯಗಳಲ್ಲಿ ತತ್ತ್ವಶಾಸ್ತ್ರ ಕಲಿಸಿದ. ಯುರೋಪಿನಲ್ಲಿರುವ ಆಫ್ರಿಕನ್ನರ ಹಕ್ಕಿನ ಬಗ್ಗೆ 1729ರಲ್ಲೇ ವಾದ ಮಂಡಿಸಿದ್ದ. ಆ ಬರಹ ಇವತ್ತು ಉಳಿದಿಲ್ಲ. ಕಾಂಟ್ ಬಡಗಿಯ ಬಾಯಿ ಮುಚ್ಚಿಸುವುದಕ್ಕಿಂತ 30 ವರ್ಷ ಮೊದಲೇ ಕಪ್ಪು ಮನುಷ್ಯನೊಬ್ಬ ಜರ್ಮನಿಯಲ್ಲಿ ಮೇಷ್ಟ್ರಾಗಿದ್ದ. ಗೈಡಿನಲ್ಲಿ ಅವನು ಎಲ್ಲಿದ್ದಾನೆ?

ಡೆಕಾರ್ಟನನ್ನೂ ಹೀಗೇ ಓದೋಣ. 1641ರ ಪುಸ್ತಕದಲ್ಲಿ ಅವನು ಎಲ್ಲವನ್ನೂ ಸಂಶಯಿಸುತ್ತ ಹೋಗುತ್ತಾನೆ. ತನಗೆ ಕೈ ಇದೆಯೇ, ಮೈ ಇದೆಯೇ ಎಂಬುದನ್ನೂ ಸಂಶಯಿಸುತ್ತಾನೆ. ಸಂಶಯಿಸುವ ಮನಸ್ಸೊಂದೇ ಖಚಿತವಾಗಿ ಉಳಿಯುತ್ತದೆ. ಒಳ್ಳೆಯ ಪಾಠ ಇದು. ಸಂಶಯ ಪಡುವ ಧೈರ್ಯ ನಮ್ಮ ಮಕ್ಕಳಿಗೂ ಬೇಕು. ಆದರೆ ಕೇರಿಯ ಹುಡುಗ ತನ್ನ ಮೈ ಇದೆಯೋ ಇಲ್ಲವೋ ಅಂತ ಸಂಶಯ ಪಡುವುದು ಹೇಗೆ? ಊರೆಲ್ಲ ಸೇರಿ ಅವನಿಗೆ ಅವನ ಮೈಯನ್ನು ದಿನವೂ ನೆನಪಿಸುತ್ತದೆ. ಲೋಟ ಮೇಲಿಂದ ಎತ್ತಿ ನೀರು ಹೊಯ್ಯುವಾಗ ನೆನಪಿಸುತ್ತದೆ. ಅವನ ಮೈಯನ್ನು ಖಚಿತ ಮಾಡಿದವರು ಅವನ ಮನಸ್ಸನ್ನು ಮಾತ್ರ ಸಂಶಯಿಸಿದರು. ನಮ್ಮ ಜಿಲ್ಲೆಯ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ, ಕಂಬಳದ ಮೊದಲು ಅವರನ್ನು ಕೋಣಗಳಂತೆ ಓಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲಿಕ್ಕೆ 2000ದ ಇಸವಿಯಲ್ಲಿ ಕಾನೂನು ಬೇಕಾಯಿತು. ಮೈ-ಮನಸ್ಸಿನ ಪ್ರಶ್ನೆ ಇಲ್ಲಿ ಫ್ರಾನ್ಸಿಗಿಂತ ಬೇರೆ ತರಹ ಏಳುತ್ತದೆ.

ಕಾರ್ಕಳದ ಕಲ್ಕುಡನ ಕಥೆ ಎಲ್ಲರಿಗೂ ಗೊತ್ತು. 1432ರಲ್ಲಿ ನಿಂತ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡ, ಇಂಥದ್ದು ಇನ್ನೆಲ್ಲೂ ಆಗಬಾರದು ಅಂತ ಅರಸ ಅವನ ಕೈಯೊಂದು ಕಾಲೊಂದು ಕಡಿಸಿದ ಎಂದು ಪಾಡ್ದನ ಹೇಳುತ್ತದೆ. ಕೈಕೆಲಸದವನಿಗೆ ಜ್ಞಾನ ಇಲ್ಲ ಎಂದ ಅರಿಸ್ಟಾಟಲ್‌ನ ಪಕ್ಕದಲ್ಲಿ ಈ ಪಾಡ್ದನ ಇಟ್ಟು ನೋಡಿ. ಜ್ಞಾನ ಕೈಯಲ್ಲಿದೆ ಎಂದು ತತ್ತ್ವಜ್ಞಾನಿಗೆ ತಿಳಿಯಲಿಲ್ಲ, ಕಡಿಸಿದ ಅರಸನಿಗೆ ಚೆನ್ನಾಗಿ ತಿಳಿದಿತ್ತು!

ಇಷ್ಟು ಹೇಳಿದಾಗ ಒಳ್ಳೆಯ ಮನಸ್ಸಿನ ಮೇಷ್ಟ್ರೊಬ್ಬರು ಎದ್ದು, ಸರಿ, ನಾಳೆಯಿಂದ ತರಗತಿಯಲ್ಲಿ ದಲಿತ ಹುಡುಗರಿಂದ ಅನುಭವ ಹೇಳಿಸುತ್ತೇನೆ ಅನ್ನಬಹುದು. ಸ್ವಲ್ಪ ನಿಲ್ಲಿ ಸಾರ್. ಅಲ್ಲೇ ಅಪಾಯ ಇರುವುದು. ನಮ್ಮ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿ, ನಿನ್ನ ಕಷ್ಟ ಹೇಳಮ್ಮ ಅಂದು, ಅವಳು ಹೇಳಿ ಕೂತ ಮೇಲೆ ಮೇಷ್ಟ್ರು ಅದರಿಂದ ಸಿದ್ಧಾಂತ ತೆಗೆದರೆ ಅವಳು ಮತ್ತೆ ಮೆನೋನ ಹುಡುಗನೇ. ಸಾಕ್ಷಿ ಹೇಳಿದಳು, ಹೋದಳು. ಸಿದ್ಧಾಂತ ಕಟ್ಟುವವರು ಒಂದು ಜಾತಿ, ಅನುಭವ ಒದಗಿಸುವವರು ಇನ್ನೊಂದು ಜಾತಿ ಎಂಬ ಈ ವಿಭಜನೆಯನ್ನೇ ಗೋಪಾಲ್ ಗುರು 2002ರ ತಮ್ಮ ಪ್ರಬಂಧದಲ್ಲಿ ಹಿಡಿದು ಝಾಡಿಸಿದರು. ಅದರ ಮೇಲಿನ ವಾಗ್ವಾದ 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಎಂಬ ಪುಸ್ತಕವಾಯಿತು. ಅವರ ಜೊತೆ ವಾದಕ್ಕೆ ಕೂತವರು ಸುಂದರ್ ಸರುಕ್ಕೈ. ಮಣಿಪಾಲದಲ್ಲಿ ತತ್ತ್ವಶಾಸ್ತ್ರದ ಕೇಂದ್ರ ಶುರುವಾದಾಗ ಅದರ ಮೊದಲ ನಿರ್ದೇಶಕರು. ಬನ್ನಂಜೆಯಿಂದ ಮಣಿಪಾಲದ ಗುಡ್ಡಕ್ಕೆ ಸಿಟಿ ಬಸ್ಸಿನಲ್ಲಿ ಹತ್ತಿಪ್ಪತ್ತು ನಿಮಿಷದ ದಾರಿ. ಆ ವಾದ ಅಷ್ಟು ದೂರ ಇಳಿದು ಬಂದು ಕನ್ನಡದಲ್ಲಿ, ತುಳುವಿನಲ್ಲಿ ನಮ್ಮ ಸರಕಾರಿ ಕಾಲೇಜಿನ ಹುಡುಗರಿಗೆ ಸಿಗಬೇಕು.

ಸಾಕ್ಷಿಯ ಜಾಗದಿಂದ ಎದ್ದು ಪ್ರಶ್ನೆಯ ಜಾಗಕ್ಕೆ ಹೋಗುವುದು ಹೇಗೆ ಅಂತ ನಮಗೆ ಅಂಬೇಡ್ಕರ್ ತೋರಿಸಿದ್ದಾರೆ. 1913ರಿಂದ 1916ರವರೆಗೆ ಕೊಲಂಬಿಯಾದಲ್ಲಿ ಓದುವಾಗ ಅವರಿಗೆ ಜಾನ್ ಡ್ಯೂಯಿ ಗುರು. ಪ್ರಜಾಪ್ರಭುತ್ವ ಅಂದರೆ ಸರಕಾರದ ಒಂದು ನಮೂನೆ ಅಷ್ಟೇ ಅಲ್ಲ, ಜನ ಕೂಡಿ ಬಾಳುವ ರೀತಿ ಎಂಬ ಡ್ಯೂಯಿಯ ವಿಚಾರವನ್ನು ಅವರು 1936ರ 'ಜಾತಿ ವಿನಾಶ'ದಲ್ಲಿ ಡ್ಯೂಯಿ ಎಂದೂ ಕಾಣದ ಒಂದು ರೋಗಕ್ಕೆ ಹಚ್ಚಿದರು. ಅದೇ ಬರಹದಲ್ಲಿ ಪ್ಲೇಟೋನನ್ನೂ ಬಿಡಲಿಲ್ಲ. ಮನುಷ್ಯರನ್ನು ಮೂರು ಡಬ್ಬಿಗಳಲ್ಲಿ ತುಂಬಲಾಗದು ಎಂದು ಪ್ಲೇಟೋನ ವರ್ಗ ವಿಭಾಗವನ್ನು ಚಾತುರ್ವರ್ಣ್ಯದ ಜೊತೆಯಲ್ಲೇ ನಿಲ್ಲಿಸಿ ಕೆಡವಿದರು. ಗುರುವಿಗೆ ಋಣಿಯಾಗಿದ್ದರು, ಆದರೆ ಹೆಬ್ಬೆರಳು ಕೊಡಲಿಲ್ಲ. ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನು ಓದುವ ಕ್ರಮ ಅಂದರೆ ಇದು. ಇದೇ ಕ್ರಮದಲ್ಲಿ ವಚನಕಾರರನ್ನೂ ಓದಬೇಕು, ನಾರಾಯಣ ಗುರುಗಳನ್ನೂ ಓದಬೇಕು, ಅಂಬೇಡ್ಕರರನ್ನೂ ಓದಬೇಕು. ನಮ್ಮವರು ಅಂತ ಯಾರಿಗೂ ರಿಯಾಯಿತಿ ಬೇಡ. ಅಂಬೇಡ್ಕರರೇ ಅದನ್ನು ಒಪ್ಪುತ್ತಿರಲಿಲ್ಲ.

ಮೇಷ್ಟ್ರುಗಳಿಗೆ ನಮ್ಮದು ಸಣ್ಣ ಬೇಡಿಕೆ. ದಪ್ಪ ಪುಸ್ತಕ ಬೇಡ. ಮೆನೋನ ಹುಡುಗ, ಕಾಂಟನ ಬಡಗಿ, ಆಮೋ, ಕಲ್ಕುಡ, ಡ್ಯೂಯಿಯ ಮುಂದೆ ಕೂತ ಅಂಬೇಡ್ಕರ್, ಇಷ್ಟರ ಬಗ್ಗೆ ಕನ್ನಡದಲ್ಲಿ ಹದಿನಾರು ಪುಟದ ಒಂದು ಪುಸ್ತಿಕೆ ಸಾಕು. ಕಲ್ಲಚ್ಚೇ ಆಗಲಿ, ಜೆರಾಕ್ಸೇ ಆಗಲಿ. ಚರ್ಚೆ ತುಳುವಿನಲ್ಲಿ ನಡೆದರೆ ನಡೆಯಲಿ. ಪರೀಕ್ಷೆಯಲ್ಲಿ ಹತ್ತು ಪ್ರಶ್ನೆ ಕೊಡುವಿರಾದರೆ ಒಂಬತ್ತೇ ಕೊಡಿ. ಹತ್ತನೆಯ ನಂಬರಿನ ಎದುರು ಜಾಗ ಖಾಲಿ ಬಿಡಿ. ಅಲ್ಲಿ ವಿದ್ಯಾರ್ಥಿ ತನ್ನ ಪ್ರಶ್ನೆ ಬರೆಯಲಿ. ಅದಕ್ಕೆ ಉತ್ತರ ಕೇಳಬೇಡಿ, ಪ್ರಶ್ನೆಗೇ ಅಂಕ ಕೊಡಿ. ಉತ್ತರಪತ್ರಿಕೆಯ ಮೇಲೆ ಬರೀ ನಂಬರ್ ಇರುತ್ತದೆ, ಗೊತ್ತು. ಆ ಪ್ರಶ್ನೆಯ ಕೆಳಗೆ ಮಾತ್ರ ಅವರ ಹೆಸರು ಬರೆಸಿಕೊಳ್ಳಿ.