ಗುಡಿಯ ಪಕ್ಕದ ಬಾವಿ



ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಮಲಪನಗುಡಿ ದೊರೆಯುತ್ತದೆ. ಮಲ್ಲಿಕಾರ್ಜುನನ ಗುಡಿಯಿಂದಲೇ ಊರಿಗೆ ಆ ಹೆಸರು ಬಂದಿತು. ದೇವಾಲಯದೊಡನೆ ಬಾವಿಯನ್ನೂ ಅರವಟ್ಟಿಗೆಯನ್ನೂ ಇಲ್ಲಿ ಏರ್ಪಡಿಸಿದುದನ್ನು 1412ರ ಶಾಸನವು ತಿಳಿಸುತ್ತದೆ. ಅದನ್ನು ಕಟ್ಟಿಸಿದ ಪುಣ್ಯಾತ್ಮನು ದೇವರಿಗೊಂದು ಮನೆಯಾಯಿತೆಂದು ಸುಮ್ಮನಾಗಲಿಲ್ಲ. ಬಿಸಿಲಿನಲ್ಲಿ ಬಳಲಿ ಬಂದವನ ಬಾಯಾರಿಕೆಯನ್ನೂ ನೆನೆದನು. ಶಿವಪೂಜೆಯೂ ಶರೀರದ ಆರೈಕೆಯೂ ಅವನಿಗೆ ಬೇರೆಬೇರೆಯಾಗಿ ತೋರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು, ಕಲ್ಲಿನ ಗುಡಿಯನ್ನು ಕಟ್ಟಿಸಲಾರದ ಬಡವನಿಗೂ ಅವನ ಮೈಯಲ್ಲಿಯೇ ಗುಡಿಯನ್ನು ತೋರಿಸಿಕೊಟ್ಟರು. ಊರ ಗುಡಿಯ ಗೋಡೆ ಬಿರಿದರೆ ನಾವೆಲ್ಲರೂ ಸೇರಿ ಜೀರ್ಣೋದ್ಧಾರಕ್ಕೆ ವಂತಿಗೆ ಎತ್ತುತ್ತೇವೆ. ಇಷ್ಟಲಿಂಗವನ್ನು ಧರಿಸಿ ನಡೆದಾಡುವ ಈ ಗುಡಿಯು ಬಿರಿದರೆ ಮಾತ್ರ, "ಆದೀತು ಬಿಡು" ಎಂದುಬಿಡುತ್ತೇವೆ. ಇದು ಸರಿಯೆ?

ನಮ್ಮ ಮನೆಗಳನ್ನೇ ನೋಡಿರಿ. ತಾಯಿಯು ಎಲ್ಲರಿಗೂ ಬಡಿಸಿ, ಮಿಕ್ಕುದನ್ನು ಉಂಡು, ತನ್ನ ನೋವನ್ನು ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾಳೆ. ನಾವು ಅದನ್ನು ತ್ಯಾಗವೆಂದು ಹೊಗಳಿ ಕೈತೊಳೆದುಕೊಳ್ಳುತ್ತೇವೆ. ಜಂಗಮನಿಗೆ ಭಕ್ತಿಯಿಂದ ನೀಡುವ ಮನೆಯಲ್ಲಿ ನೀಡುವ ಕೈಯೇ ಬಡಕಲಾದರೆ ಅದು ದಾಸೋಹಕ್ಕೆ ಒಪ್ಪುವುದಿಲ್ಲ. ಅತ್ತ ಗಂಡಸು ಹಗಲೆಲ್ಲ ದುಡಿದು, ದಣಿವನ್ನು ಕುಡಿತದಲ್ಲಿಯೂ ತಂಬಾಕಿನಲ್ಲಿಯೂ ಮರೆಯಲೆಳಸುತ್ತಾನೆ. ಕಾಯಕಕ್ಕೆ ಕಾಯವೇ ಆಧಾರ. ಆ ಆಧಾರವನ್ನು ಕೆಡಿಸಿಕೊಂಡವನು ಕಾಯಕಕ್ಕೂ ದಾಸೋಹಕ್ಕೂ ಎರವಾಗುತ್ತಾನೆ.

ಇದಕ್ಕೆ ಮೊದಲ ಮದ್ದು ಮಿತ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಗೇ ಮರಳಿಸಬೇಕೆಂದರು ಲಕ್ಕಮ್ಮನವರು. ಬೇಕಾದಷ್ಟನ್ನು ಮಾತ್ರ ಕೊಳ್ಳುವ ಆ ನಿಯಮವು ಮಡಿಲಿಗೆ ಹೇಗೋ ಹೊಟ್ಟೆಗೂ ಹಾಗೆಯೇ. ಪ್ರಸಾದವೆಂದು ತಿಳಿದು ಉಣ್ಣುವವನು ಎಲೆಯಲ್ಲಿ ಬಿಡುವುದಿಲ್ಲ, ಹಸಿವನ್ನು ಮೀರಿ ಬಡಿಸಿಕೊಳ್ಳುವುದೂ ಇಲ್ಲ. ಸಕ್ಕರೆ ಕಾಯಿಲೆಯೂ ರಕ್ತದ ಒತ್ತಡವೂ ಹಳ್ಳಿಹಳ್ಳಿಗೆ ಬಂದಿರುವ ಇಂದು ಈ ಮಾತನ್ನು ಮನನ ಮಾಡತಕ್ಕದ್ದು.

ಎರಡನೆಯದು, ರೋಗವನ್ನು ಮುಚ್ಚಿಡದಿರುವುದು. "ಶಿವನಿಟ್ಟಂತಾಗಲಿ" ಎಂದು ವೈದ್ಯರ ಬಳಿಗೆ ಹೋಗದವರುಂಟು. ಆದರೆ ಶರಣಸಂಕುಲದಲ್ಲಿ ವೈದ್ಯ ಸಂಗಣ್ಣನವರಿದ್ದರೆಂಬುದನ್ನು ಅವರು ಮರೆಯಬಾರದು. ಚಿಕಿತ್ಸೆಯೂ ಒಂದು ಕಾಯಕವಾಗಿದ್ದ ಧರ್ಮದಲ್ಲಿ ಚಿಕಿತ್ಸೆ ಪಡೆಯುವುದು ಭಕ್ತಿಗೆ ಕುಂದಾಗುವುದಾದರೂ ಹೇಗೆ?

ಹಾಗಾದರೆ ಮೈಯೇ ದೇವರೆ? ಅಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ವಜ್ರಕಾಯದಿಂದ ಗರ್ವಿತನಾಗಿದ್ದನು. ಕತ್ತಿಯ ಪೆಟ್ಟಿಗೆ ಆ ಮೈ ಖಣಿಲೆಂದಿತು. ಅಲ್ಲಮಪ್ರಭುಗಳ ಮೈಯಲ್ಲಿಯೋ ಕತ್ತಿಯು ಬಯಲಿನಲ್ಲಿ ಹಾದಂತೆ ಹಾದುಹೋಯಿತು. ಮೈಯನ್ನು ಬಲಿಸಿಕೊಂಡು ಅದಕ್ಕೇ ಆರತಿ ಎತ್ತುವುದು ಆರೋಗ್ಯವಲ್ಲ, ಅಹಂಕಾರ. ಸ್ಥೂಲತನುವಿಗೆ ಇಷ್ಟಲಿಂಗ, ಸೂಕ್ಷ್ಮತನುವಿಗೆ ಪ್ರಾಣಲಿಂಗ, ಕಾರಣತನುವಿಗೆ ಭಾವಲಿಂಗವೆಂದು ಹಿರಿಯರು ಹೇಳಿದರು. ಅಸೂಯೆಯಿಂದ ನಿದ್ದೆಗೆಟ್ಟವನ ಕೈಕಾಲುಗಳು ಗಟ್ಟಿಯಾಗಿದ್ದರೂ ಅವನನ್ನು ಸ್ವಸ್ಥನೆನ್ನಲಾಗದು. ಮೈ, ಮನ, ಭಾವಗಳು ಮೂರೂ ನಿರ್ಮಲವಾಗಿರುವುದೇ ಸ್ವಾಸ್ಥ್ಯ.

ಆದುದರಿಂದ ಭಕ್ತರೇ, ನಾಳೆ ಬೆಳಗಿನಲ್ಲಿ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡಾಗ ಆ ಅಂಗೈಯನ್ನೂ ಒಮ್ಮೆ ನೋಡಿಕೊಳ್ಳಿರಿ. ಅದು ನಡುಗುತ್ತಿದ್ದರೆ ಏಕೆಂದು ಕೇಳಿಕೊಳ್ಳಿರಿ. ಪೂಜೆ ಮುಗಿಸಿ ಎದ್ದಮೇಲೆ, "ಉಂಡೆಯಾ? ಮೈ ಹೇಗಿದೆ?" ಎಂದು ಮನೆಯ ತಾಯಿಯನ್ನು ವಿಚಾರಿಸಿರಿ. ಗುಡಿ ಕಟ್ಟಿದವನು ಬಾವಿಯನ್ನು ಮರೆಯಲಿಲ್ಲ, ನಾವೂ ಮರೆಯದಿರೋಣ.